ಚುಕ್ಕೆ ಹೋದ ಮೇಲಿನ ಹತ್ತು ದಿನ

ಬಾಲದ ಮೇಲೆ ಮೂರು ಬಿಳಿ ಚುಕ್ಕೆ. ಒಂದೊಂದೂ ಪುಡಿ ಉಪ್ಪಿನ ಕಣದಷ್ಟು. ಮೀನು ಕಪ್ಪು ಬಣ್ಣದ್ದಾಗಿರದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಮೀನು ನನ್ನದಲ್ಲ. ಪೀಣ್ಯದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಸಾಕಮ್ಮನವರದು. ಅವರ ಹೊಲ ಕೈಗಾರಿಕಾ ವಸಾಹತಿಗೆ ಹೋಯಿತು. ಹಸುಗಳನ್ನು ಮಾರಿದರು. ಕೊಟ್ಟಿಗೆಯಿದ್ದ ಜಾಗದಲ್ಲಿ ನಮ್ಮಂಥವರಿಗಾಗಿ ರೂಮುಗಳೆದ್ದವು. ಆಮೇಲೆ ಸಾಕಮ್ಮ ಶಿವಾಜಿನಗರಕ್ಕೆ ಹೋಗಿ ಒಂದು ಗಾಜಿನ ತೊಟ್ಟಿ ತಂದು ಪಡಸಾಲೆಯಲ್ಲಿಟ್ಟರು.

"ಬೆಳಗೆದ್ದು ಯಾವ್ದುಕ್ಕಾರಾ ಮೇವು ಆಕ್ಬೇಕಲ್ಲವ್ವಾ" ಎಂದಿದ್ದರು. ಒಂಬತ್ತು ಮೀನು. ಕೆಲವಕ್ಕೆ ಹಳೆಯ ಹಸುಗಳ ಹೆಸರು. (ಚುಕ್ಕೆ ಬಿದ್ದ ಕರಿಮೀನು ಗೌರಿ.)

ಕಳೆದ ತಿಂಗಳು ಒಂದು ಭಾನುವಾರ ನಾನು ಆ ಚುಕ್ಕೆಗಳನ್ನು ತೋರಿಸಿದೆ. ಸಾಕಮ್ಮ ಕೆನ್ನೆ ಬಡಿದುಕೊಂಡರು. "ಅಮ್ಮ ಬಂದವ್ಳೆ!"

ಸಂಜೆಯ ಹೊತ್ತಿಗೆ ತೊಟ್ಟಿಯ ನಾಲ್ಕು ಮೂಲೆಗೂ ಬೇವಿನಸೊಪ್ಪು. ಮಣ್ಣಿನ ಹೂಜಿಯ ತಣ್ಣೀರು ತೊಟ್ಟಿಯ ಪಕ್ಕದಲ್ಲಿ ಸಿದ್ಧ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲವಲ್ಲ, ಅದೂ ಬಂದ್. ಯಜಮಾನರು ಮುನಿಯಪ್ಪ ನನ್ನ ಹತ್ತಿರ ದೂರು ತಂದರು. "ನೋಡಿ ಇನ್ಸ್‌ಪೆಕ್ಟರಮ್ಮ, ಮೀನಿಗೆ ಅಮ್ಮ ಬಂದ್ರೆ ನಾನ್ಯಾಕೆ ಸಪ್ಪೆ ಸಾರು ತಿನ್ಬೇಕು? ನಾಳೆ ನನ್ ಸೈಕಲ್ಗೂ ಬಂದವ್ಳೆ ಅಂತಾಳೆ!"

"ನಿಮ್ ಸೈಕಲ್ಗೇನು, ನಿಮ್ ನಾಲ್ಗೆಗೆ ಬರ್ಬೇಕು" ಎಂದರು ಸಾಕಮ್ಮ.

ನಾನು ಇನ್ಸ್‌ಪೆಕ್ಟರಮ್ಮ ಆದದ್ದು ಹೀಗೆ: ಎಂ.ಎಸ್ಸಿ. ಮುಗಿಸಿ ಇಲ್ಲಿನ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ಲೇಪನ ಮಾಡಿದ ಸಣ್ಣ ಬಿಡಿಭಾಗಗಳನ್ನು ಭೂತಗನ್ನಡಿಯಲ್ಲಿ ನೋಡುವುದು ಕೆಲಸ. ಚುಕ್ಕೆಯಿದ್ದರೆ ರಿಜೆಕ್ಟ್. ಇಲ್ಲದಿದ್ದರೆ ಪಾಸ್.

ಜೂವಾಲಜಿ ಕಲಿಸುವ ಗೆಳತಿಯಿಂದ ಒಂದು ಪುಸ್ತಕ ತಂದೆ. ಬಿಳಿ ಚುಕ್ಕೆ ರೋಗದ ಲಕ್ಷಣಗಳೆಲ್ಲ ಹೊಂದಿದವು. ಮೈಮೇಲೆ, ರೆಕ್ಕೆಗಳ ಮೇಲೆ ಉಪ್ಪು ಉದುರಿಸಿದಂಥ ಕಣಗಳು. ಮೀನು ಕಲ್ಲಿಗೆ ಮೈ ಉಜ್ಜುವುದು. ರೆಕ್ಕೆ ಮುದುಡಿಕೊಳ್ಳುವುದು. ರೋಗ ಹೆಚ್ಚಾದರೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುವುದು. ಇದು ಒಂದು ಪರೋಪಜೀವಿಯ ಕೆಲಸ. ಅದು ಬಂದದ್ದು ಹೇಗೆ? ಹಿಂದಿನ ವಾರ ಸಾಕಮ್ಮ ತಂದ ಎರಡು ಕೆಂಪು ಮೀನುಗಳ ಜೊತೆ ಇರಬೇಕು. ಚೀಲ ಬಿಚ್ಚಿ, ಅಂಗಡಿಯ ನೀರಿನ ಸಮೇತ ತೊಟ್ಟಿಗೆ ಸುರಿದಿದ್ದರು. (ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಬೇಕು. ಯಾರು ಇಡುತ್ತಾರೆ?)

"ತಣ್ಣೀರು ಬೇಡ ಅಕ್ಕ. ಇದಕ್ಕೆ ಬೆಚ್ಚಗಿರಬೇಕು" ಎಂದೆ.

"ಅಮ್ಮ ಬಂದಾಗ ಬಿಸಿ ಮಾಡ್ತಾರಾ ಯಾರಾದ್ರೂ?"

ಅರ್ಧ ಗಂಟೆ ವಾದ. ಕೊನೆಗೆ ಬೇವಿನಸೊಪ್ಪು ಇರಲಿ, ಹೂಜಿ ಒಳಗೆ ಹೋಗಲಿ ಎಂದು ಒಪ್ಪಂದವಾಯಿತು. ತೊಟ್ಟಿಯ ಮುಚ್ಚಳದ ಕೆಳಗೆ, ನೀರು ತಾಗದಂತೆ, ಅರವತ್ತು ವ್ಯಾಟ್ ಬಲ್ಬ್ ಹಾಕಿದೆ. ನೀರು ಒಂದೇ ಸಲ ಕಾಯಬಾರದು. ಎರಡು ದಿನದಲ್ಲಿ ನಿಧಾನವಾಗಿ ಇಪ್ಪತ್ತೆಂಟು ಡಿಗ್ರಿಗೆ ಬಂತು. ಕೊಡ ನೀರಿಗೆ ಎರಡು ಟೀ ಚಮಚದಂತೆ ಕಲ್ಲುಪ್ಪು ಕರಗಿಸಿ ಹಾಕಿದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧವನ್ನು ಹನಿಹನಿಯಾಗಿ ಬಿಟ್ಟೆ, ನೀರು ತಿಳಿನೀಲಿಯಾಗುವವರೆಗೆ.

ಐದನೆಯ ದಿನ ಒಂದು ಚುಕ್ಕೆಯೂ ಇಲ್ಲ. ಭೂತಗನ್ನಡಿ ಹಿಡಿದು ಒಂಬತ್ತು ಮೀನನ್ನೂ ಎರಡೂ ಮಗ್ಗುಲಲ್ಲಿ ನೋಡಿದೆ. ಓಕೆ ಎಂದೆ. ಬಲ್ಬ್ ತೆಗೆದೆ, ನೀಲಿ ನೀರು ಬದಲಾಯಿಸಿದೆ.

"ಮೂರು ನೀರು ಆಗ್ಲಿ ಬುಡವ್ವಾ" ಎಂದರು ಸಾಕಮ್ಮ. ಅಮ್ಮ ಇಳಿದ ಮೇಲೂ ಸುಮ್ಮನೆ ಎದ್ದು ಓಡಾಡುವಂತಿಲ್ಲ. ದಿನ ಬಿಟ್ಟು ದಿನ ಮೂರು ಸಲ ತಲೆಗೆ ನೀರು ಹಾಕಿದ ಮೇಲೇ ವಾಸಿಯಾದ ಲೆಕ್ಕ.

ನಾನು ನಕ್ಕೆ. "ಮೀನಿಗೆ ಇನ್ನೆಂಥ ನೀರು ಹಾಕ್ತೀರಕ್ಕ? ದಿನಾ ನೀರಲ್ಲೇ ಇದೆ."

ನಾಲ್ಕು ದಿನವಾಯಿತು. ಒಂಬತ್ತಕ್ಕೆ ಒಂಬತ್ತೂ ಮೀನಿನ ಮೈತುಂಬ ಚುಕ್ಕೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಎರಡು ಸತ್ತು ತೇಲುತ್ತಿದ್ದವು. ಒಂದು, ಗೌರಿ.

ಸಾಕಮ್ಮ ನನ್ನನ್ನು ಬೈಯಲಿಲ್ಲ. "ನಂದೇ ತಪ್ಪು ಕಣವ್ವ. ಮೂರು ನೀರು ಆಗೋ ಮುಂಚೆ ಒಗ್ಗರಣೆ ಆಕ್ಬುಟ್ಟೆ. ಅಮ್ಮ ಮುನ್ಸ್ಕಂಡವ್ಳೆ. ನಾಳೆ ತಂಬಿಟ್ಟು ಮಾಡಿ ತಪ್ಪಾಯ್ತು ಅಂತ ಬೇಡ್ಕತೀನಿ" ಎಂದರು.

ನಾನು ಮಹಡಿಯ ನನ್ನ ರೂಮಿಗೆ ಹೋಗಿ ಪುಸ್ತಕ ತೆಗೆದೆ. ಔಷಧದ ಪುಟ ಓದಿದ್ದೆ. ಅದರ ಮುಂದಿನ ಪುಟ ಓದಿರಲಿಲ್ಲ.

ಅಲ್ಲಿತ್ತು. ಮೀನಿನ ಮೈಮೇಲೆ ಚುಕ್ಕೆಯಾಗಿ ಕಾಣುವಾಗ ಪರೋಪಜೀವಿ ಚರ್ಮದೊಳಗೆ ಸುರಕ್ಷಿತ. ಔಷಧ ಅದಕ್ಕೆ ತಾಗುವುದೇ ಇಲ್ಲ. ಬೆಳೆದ ಮೇಲೆ ತಾನಾಗಿ ಉದುರಿ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಒಡೆದು ನೂರಾರು ಮರಿಗಳಾಗುತ್ತದೆ. ಅವು ಮೀನನ್ನು ಹುಡುಕಿಕೊಂಡು ಈಜುತ್ತವೆ. ಔಷಧಕ್ಕೆ ಸಿಕ್ಕಿ ಸಾಯುವುದು ಆಗ ಮಾತ್ರ. ನೀರು ಬೆಚ್ಚಗಿಡುವುದು ಈ ಸುತ್ತು ಬೇಗ ಮುಗಿಯಲಿ ಎಂದು. ಆದ್ದರಿಂದ ಕೊನೆಯ ಚುಕ್ಕೆ ಮಾಯವಾದ ಮೇಲೂ ಹತ್ತು ದಿನ ಶಾಖ, ಔಷಧ ಮುಂದುವರಿಯಬೇಕು. ತಳದ ಕಲ್ಲು, ಕಸ ತೊಳೆಯುತ್ತಿರಬೇಕು. ಆ ತೊಟ್ಟಿಯ ಬಲೆಯನ್ನು ಬೇರೆ ತೊಟ್ಟಿಗೆ ಅದ್ದಬಾರದು.

ಅಂದರೆ, ನಾನು ಮೀನನ್ನು ಪಾಸ್ ಮಾಡಿದಾಗ ರೋಗ ಕಲ್ಲುಗಳ ನಡುವೆ ಕೂತಿತ್ತು.

ತಣ್ಣೀರಿನ ವಿಷಯದಲ್ಲಿ ಸಾಕಮ್ಮನವರದು ತಪ್ಪು. ಹತ್ತು ದಿನ ಕಾಯುವ ವಿಷಯದಲ್ಲಿ ನನ್ನದು. ನಾವೆಲ್ಲ ಹೀಗೇ ಅಲ್ಲವೇ? ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸುತ್ತೇವೆ. ಗೋಡೆಯ ತೇವ ಒಣಗಿದ ಕೂಡಲೇ ಸುಣ್ಣ ಬಳಿಯುತ್ತೇವೆ. ಕಣ್ಣಿಗೆ ಕಾಣದಿದ್ದರೆ ಸಾಕು, ಮುಗಿಯಿತು.

ಆ ಸಂಜೆಯೇ ಸಾಕಮ್ಮನವರಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ನನ್ನದು ಮಾತು ಕಡಿಮೆ ಎಂದು ಮೆಚ್ಚುವವರಿದ್ದಾರೆ. ಆ ಸಂಜೆ ಅದು ಅನುಕೂಲಕ್ಕೆ ಬಂತು, ಅಷ್ಟೇ. ಕೆಳಗಿಳಿದು ಮತ್ತೆ ಬಲ್ಬ್ ಹಾಕಿ, ನೀರಿಗೆ ಔಷಧ ಹನಿಸಿ ಮೇಲೆ ಹೋದೆ. (ಉಳಿದ ಏಳು ಮೀನು ಈಗ ಚೆನ್ನಾಗಿವೆ. ಈ ಸಲ ಪೂರ್ತಿ ಹತ್ತು ದಿನ ಕಾದೆ.)

ಮರುದಿನ ಬೆಳಗ್ಗೆ ಆರಕ್ಕೆ ಕೆಳಗಿಳಿದೆ. ಸಾಕಮ್ಮ ಆಗಲೇ ಸ್ನಾನ ಮಾಡಿ ಅಕ್ಕಿಹಿಟ್ಟಿಗೆ ಬೆಲ್ಲ ಕಲಸುತ್ತಿದ್ದರು. "ಅಕ್ಕ, ತಪ್ಪು ನಿಮ್ಮದಲ್ಲ. ಶಾಖ, ಔಷಧ ಎರಡನ್ನೂ ಬೇಗ ನಿಲ್ಲಿಸಿದವಳು ನಾನು. ನಿನ್ನೆಯೇ ಗೊತ್ತಾಯಿತು" ಎಂದೆ.

ಅವರ ಕೈ ನಿಂತಿತು.

"ನೆನ್ನೇನೇ ಏಳ್ಬಾರ್ದಾಗಿತ್ತೇನವ್ವ? ರಾತ್ರೆಲ್ಲಾ ಕಣ್ಣು ಮುಚ್ನಿಲ್ಲ ನಾನು."

ಅಷ್ಟು ಹೇಳಿ ಮತ್ತೆ ಹಿಟ್ಟು ಕಲಸತೊಡಗಿದರು. ಹೊರಗೆ ಕಾರ್ಖಾನೆಯ ಬಸ್ಸು ಹಾರ್ನ್ ಹಾಕಿತು. ನಾನು ಕೈ ತೊಳೆದುಕೊಂಡು ಬಂದು, ಅವರ ಪಕ್ಕ ಕೂತು ತಂಬಿಟ್ಟು ಕಟ್ಟಿದೆ.