ನೀರಿಗೆ ಸರಿಯಾದ ಪದ

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ವರ್ಷ ನಾನು ಸಿಂಗಪುರದ ಒಂದು ಪುನರ್ವಸತಿ ಆಸ್ಪತ್ರೆಯಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದಿ ಬಂದ ನನಗೆ ಇಲ್ಲಿನ ವಾರ್ಡುಗಳೇ ಮಲಯ್ ಭಾಷೆ ಕಲಿಸಿದ್ದವು. ಮಲಯ್ ಬಂದವರಿಗೆ ಇಂಡೋನೇಷ್ಯನ್ ಬಹುಪಾಲು ಅರ್ಥವಾಗುತ್ತದೆ. ಹಾಗಾಗಿ ಸುತರ್ನೊ ಅವರ ಕೇಸ್ ನನ್ನ ಪಾಲಿಗೆ ಬಂತು.

ಎಂಬತ್ತು ದಾಟಿದ ಸುತರ್ನೊ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದರು. ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ಬುದ್ಧಿ ನೆಟ್ಟಗಿರುತ್ತದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ. ಇಲ್ಲಿನ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನೆಲೆಸಿದ್ದ ಅವರ ಮಗ, ಎಂಜಿನಿಯರ್ ಆದಿತ್ಯ, ತಂದೆಯನ್ನು ಜಕಾರ್ತದಿಂದ ಇಲ್ಲಿಗೆ ಕರೆತಂದಿದ್ದ.

ರೋಗಿಯ ಉದ್ಯೋಗ ಕೇಳಿದಾಗ ಅವನು ಒಂದು ಇತಿಹಾಸವನ್ನೇ ಹೇಳಿದ. ಇಂಡೋನೇಷ್ಯನ್ ಭಾಷೆಯನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯಲ್ಲಿ ತಂದೆ ಇಡೀ ಆಯುಸ್ಸು ಕಳೆದಿದ್ದರು. ಸ್ವಾತಂತ್ರ್ಯದ ಹೊಸತರಲ್ಲಿ ಸಣ್ಣ ಕಚೇರಿಯಾಗಿ ಹುಟ್ಟಿ, ಹಲವು ಸಲ ಹೆಸರು ಬದಲಿಸಿಕೊಂಡು ಬೆಳೆದ ಸಂಸ್ಥೆ ಅದು. ೧೯೭೨ರಲ್ಲಿ ಡಚ್ಚರ ಕಾಲದಿಂದ ಬಂದ ಕಾಗುಣಿತದ ಪಳೆಯುಳಿಕೆ ಕಿತ್ತುಹಾಕಿ ಹೊಸದನ್ನು ತಂದಾಗ ಸುತರ್ನೊ ಅಲ್ಲಿ ಕಿರಿಯ ಅಧಿಕಾರಿ. ಆಮೇಲೆ ನಿಘಂಟು, ಪಾರಿಭಾಷಿಕ ಪದಗಳ ಸಮಿತಿ, ಶುದ್ಧ ಭಾಷೆಯ ಪ್ರಚಾರ. ನೂರಾರು ಭಾಷೆಗಳ ದೇಶವನ್ನು ಒಂದು ಭಾಷೆಯಲ್ಲಿ ಕಟ್ಟುವ ಕೆಲಸವದು.

“ಮನೇಲೂ ಅದೇ ಭಾಷೇನಾ?” ಎಂದೆ.

“ಮನೇಲಿ ಅದೊಂದೇ,” ಎಂದ ಆದಿತ್ಯ. “ಅಪ್ಪನ ಊರಿನ ಭಾಷೆ ಜಾವಾನೀಸ್. ಅದು ನಮ್ಮ ಬಾಯಲ್ಲಿ ಬರೋ ಹಾಗೇ ಇರಲಿಲ್ಲ.”

ಅಂಥ ಶ್ರದ್ಧೆಯ ಮಗನನ್ನು ನಾನು ಕಂಡಿರಲಿಲ್ಲ. ದಿನವೂ ಬಂದು, ಚಿತ್ರ ತೋರಿಸಿ, ತಂದೆಯಿಂದ ಪದ ಹೇಳಿಸುತ್ತಿದ್ದ. ತಪ್ಪಿದರೆ, “ಇನ್ನೊಂದ್ಸಲ.” ಆದರೆ ವಾರಾಂತ್ಯಕ್ಕೆ ಮಗನ ಮನೆಗೆ ಹೋಗಿ ಬಂದಾಗಲೆಲ್ಲ ಮುದುಕರ ತುಟಿ ಒಡೆದು, ನಾಲಿಗೆ ಒಣಗಿರುತ್ತಿತ್ತು. ಅವರಿಗೆ ನುಂಗುವ ತೊಂದರೆಯಿತ್ತು. ಗಂಟಲಲ್ಲಿ ಸಿಕ್ಕದಂತೆ ಪುಡಿ ಬೆರೆಸಿ ಮಂದ ಮಾಡಿದ ನೀರನ್ನು ಯಾರಾದರೂ ಚಮಚದಲ್ಲಿ ಕುಡಿಸಬೇಕಿತ್ತು.

ಒಂದು ಸೋಮವಾರ ಅವರು ನನ್ನ ತೋಳು ಹಿಡಿದು, “ಙೆಲಾಕ್... ಙೆಲಾಕ್,” ಎಂದರು.

“ನೋಡಿದ್ರಾ? ಪ್ರಾಕ್ಟೀಸ್‌ನಿಂದ ನುಣುಚಿಕೊಳ್ತೀನಿ ಅಂತಿದಾರೆ,” ಎಂದ ಆದಿತ್ಯ. ಇಂಡೋನೇಷ್ಯನ್ನಿನಲ್ಲಿ ಅದಕ್ಕೆ ಹೆಚ್ಚುಕಡಿಮೆ ಆ ಅರ್ಥವೇ. ಆದರೆ ಮುದುಕರ ಕಣ್ಣಿನಲ್ಲಿ ತಪ್ಪಿಸಿಕೊಳ್ಳುವವರ ಕಳ್ಳನೋಟ ಇರಲಿಲ್ಲ, ಬೇಡಿಕೆಯಿತ್ತು. ಮೆದುಳಿಗೆ ಪೆಟ್ಟಾದಾಗ ಕೆಲವರಲ್ಲಿ ಬಾಲ್ಯದ ಭಾಷೆಯೊಂದೇ ಉಳಿಯುವುದುಂಟು. ಊರಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಆದಿತ್ಯ ಮನಸ್ಸಿಲ್ಲದೆ ಸೋದರತ್ತೆಯ ನಂಬರ್ ಕೊಟ್ಟ.

ಮರುದಿನ ವೀಡಿಯೊ ಕಾಲ್ ಮಾಡಿಸಿದೆ. ಪರದೆಯಲ್ಲಿ ತಂಗಿಯ ಮುಖ ಕಂಡದ್ದೇ ತಡ, ತಿಂಗಳಿಂದ ಒಂದು ಪದಕ್ಕೆ ತಡಕಾಡುತ್ತಿದ್ದ ಸುತರ್ನೊ ತೊದಲುತ್ತಲೇ ಜಾವಾನೀಸ್‌ನಲ್ಲಿ ಮಾತಾಡತೊಡಗಿದರು. ಆ ನಡುವೆ ಮತ್ತೆ ಬಂತು, “ಙೆಲಾಕ್.”

ತಂಗಿ ಗಾಬರಿಯಾಗಿ ಇಂಡೋನೇಷ್ಯನ್ನಿನಲ್ಲಿ ನನಗೆ ಕೂಗಿ ಹೇಳಿದರು: “ಬಾಯಾರಿಕೆ ಅಂತಿದಾನಮ್ಮ! ಅವನಿಗೆ ನೀರು ಯಾಕೆ ಕೊಡ್ತಿಲ್ಲ?”

ನಾನು ಆದಿತ್ಯನತ್ತ ತಿರುಗಿದೆ. “ಇದರರ್ಥ ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು,” ಎಂದ, ದನಿ ಏರಿಸದೆ. “ಚಿಕ್ಕವನಿದ್ದಾಗ ಅಜ್ಜಿ ಮನೆಯಿಂದ ಕಲಿತು ಬಂದು ಅದೇ ಪದ ಹೇಳಿದ್ದೆ. ಸರಿಯಾದ ಪದ ಹೇಳೋವರೆಗೂ ಅಪ್ಪ ಬಿಸಿಲಲ್ಲಿ ನಿಲ್ಲಿಸಿದ್ರು. ಹಠ ಮಾಡಿ ನಾನೂ ಹೇಳಲಿಲ್ಲ. ಕೊನೆಗೆ ಬಿದ್ದೆ. ಎಚ್ಚರ ಆದ್ಮೇಲೂ ಮೊದಲು ಪದ, ಆಮೇಲೆ ನೀರು.”

ನಾನು ಚಮಚದಲ್ಲಿ ನೀರು ಕುಡಿಸಿದೆ. ನಾಲ್ಕಾರು ಗುಟುಕು ಇಳಿದ ಮೇಲೆ ಸುತರ್ನೊ ಸ್ವಾಧೀನವಿದ್ದ ಕೈಯನ್ನು ಮಗನತ್ತ ಚಾಚಿ, “ಲೇ...” ಎಂದರು. ಪರದೆಯಲ್ಲಿ ತಂಗಿ ಅತ್ತುಬಿಟ್ಟರು. ಜಾವಾದಲ್ಲಿ ಗಂಡುಮಗುವನ್ನು ಮುದ್ದಿನಿಂದ ಕರೆಯುವುದು ಹಾಗೆ ಎಂದು ಆಮೇಲೆ ಹೇಳಿದರು. ಆ ತಂದೆ ಮಗನನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲವಂತೆ.

ಆದಿತ್ಯ ಆ ಕೈಯನ್ನು ನೋಡಿದ. “ನನಗೊಂದು ಹೆಸರಿದೆ. ಅದನ್ನ ಸರಿಯಾಗಿ ಹೇಳ್ಲಿ,” ಎಂದು ಬ್ಯಾಗ್ ಎತ್ತಿಕೊಂಡು ಹೊರಟುಹೋದ. ಚಾಚಿದ ಕೈ ಬಹಳ ಹೊತ್ತು ಹಾಗೇ ಇತ್ತು.

ನಮ್ಮ ಮೆಡಿಕಲ್ ಸೋಶಿಯಲ್ ವರ್ಕರ್ ಮೇಘನಾ ಇಲ್ಲೇ ಬೆಳೆದ ಕನ್ನಡದ ಹುಡುಗಿ, ಇಲ್ಲಿನವರ ಹಾಗೆ ಮಾತಿನ ಕೊನೆಗೆ ‘lah’ ಸೇರಿಸುವವಳು. ಅಂದೇ ಅವಳಿಗೆ ಎಲ್ಲ ತಿಳಿಸಿದೆ. “ಆಂಟಿ, ಇದು neglect ಅಲ್ಲ, abuse lah! ಇವತ್ತೇ report ಮಾಡೋಣ,” ಎಂದಳು. ಮಾಡಿದೆವು. ಬೇಕೆಂದೇ ನೀರು ತಡೆದದ್ದನ್ನು ವಿಚಾರಣೆಯಲ್ಲಿ ಆದಿತ್ಯ ಅಲ್ಲಗಳೆಯಲಿಲ್ಲ. ಸುತರ್ನೊ ಅವರನ್ನು ಮನೆಗೆ ಕಳಿಸದೆ ಬೂನ್ ಲೇ ಬಡಾವಣೆಯ ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿದರು.

ನಾನು ಅಲ್ಲಿಗೆ ಹೋದಾಗ ಅವರ ತುಟಿ ಒಣಗಿರಲಿಲ್ಲ. ನರ್ಸ್‌ಗಳು ಹೊತ್ತುಹೊತ್ತಿಗೆ ನೀರು ಕುಡಿಸುತ್ತಿದ್ದರು. ತಂಗಿ ಪ್ರತಿ ಭಾನುವಾರ ಕರೆ ಮಾಡುತ್ತಿದ್ದರು. ಸುತರ್ನೊ ಪರದೆ ನೋಡುತ್ತಿದ್ದರೇ ಹೊರತು ಮಾತಾಡುತ್ತಿರಲಿಲ್ಲ. ಯಾವ ಭಾಷೆಯಲ್ಲೂ. ಮಗ ಒಮ್ಮೆಯೂ ಬಂದಿರಲಿಲ್ಲ.

ಹೊಸ ರೋಗಿ ಬಂದಾಗ, ಇವರಿಗೆ ಯಾವ ಯಾವ ಭಾಷೆ ಬರುತ್ತದೆ ಎಂದು ಮನೆಯವರನ್ನು ಕೇಳುವುದು ನಮ್ಮ ಪದ್ಧತಿ. ಆ ಕೇಸ್ ಆದ ಮೇಲೆ ನಾನು ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ನಿಮ್ಮ ಮನೆಯಲ್ಲಿ ಯಾವ ಭಾಷೆ ಆಡಬಾರದಿತ್ತು? ಅದಕ್ಕೆ ಅವರು ಉತ್ತರ ಕೊಡುವಾಗ ನಾನು ರೋಗಿಯ ಮುಖ ನೋಡುವುದಿಲ್ಲ. ಪಕ್ಕದಲ್ಲಿ ಕೂತವರ ಮುಖ ನೋಡುತ್ತೇನೆ.