ಎಡಗಡೆ ಸೀಟಿನ ತೊಗಲು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ನನ್ನ ಕಾರಿನ ಬಗ್ಗೆ ಯಾರು ಕೇಳಿದರೂ ಉತ್ಸಾಹದಿಂದ ಮಾತಾಡುತ್ತೇನೆ. ಡ್ಯಾಶ್‌ಬೋರ್ಡಿನ ಮರವನ್ನು ಹೇಗೆ ಉಜ್ಜಿದೆ, ಬಾಗಿಲಿನ ಒಳಹಲಗೆಯನ್ನು ಹೇಗೆ ಕತ್ತರಿಸಿದೆ, ಎಲ್ಲ ಹೇಳುತ್ತೇನೆ. ಎಡಗಡೆ ಸೀಟಿನ ಮಾತು ಬಂತೆಂದರೆ ಮಾತ್ರ, ಚಹಾ ತರಿಸಲಾ ಎಂದು ಕೇಳಿ ಎದ್ದುಬಿಡುತ್ತೇನೆ. ಈಗ ನನಗೂ ಮಂಡಿನೋವು. ಆ ಸೀಟಿನಲ್ಲಿ ಕೂತರೆ ಏಳಲು ಬಾಗಿಲು ಹಿಡಿಯಬೇಕು. ಇನ್ನು ತಡ ಮಾಡಬಾರದು.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ವ್ಯಾಪಾರದ ಮನೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಮೊಳಕಾಲ್ಮೂರಿನ ಒಬ್ಬ ರೇಷ್ಮೆ ಸೀರೆ ವ್ಯಾಪಾರಿಯ ಹಿತ್ತಲಲ್ಲಿ ಆ ಕಾರನ್ನು ಕಂಡೆ. ಎರಡೇ ಸೀಟು, ಉದ್ದನೆಯ ಮೂತಿ, ಚಾವಣಿಯ ಜಾಗದಲ್ಲಿ ಮಡಚುವ ಕ್ಯಾನ್ವಾಸು. ಹಳೆಯ ಕಾಲದ ವಿಲಾಯ್ತಿ ಸ್ಪೋರ್ಟ್ಸ್ ಕಾರು. ಬಳ್ಳಾರಿ ಕಡೆಯಿಂದ ಅವನ ತಂದೆ ತಂದದ್ದಂತೆ. ನಾನು ನೋಡಿದಾಗ ಅದರೊಳಗೆ ಕೋಳಿ ಕಾವಿಗೆ ಕೂತಿತ್ತು.

"ಇಂಜಿನ್ ಉಂದಿ. ಲೋಪಲ ಏಮೀ ಲೇದು," ಅಂದ ವ್ಯಾಪಾರಿ. ಇಂಜಿನ್ ಐತೆ, ಒಳಗೆ ಏನೂ ಇಲ್ಲ. ನಿಜವೇ ಹೇಳಿದ್ದ. ಸೀಟಿನ ಹೊದಿಕೆಯನ್ನು ಇಲಿ ತಿಂದು, ತುಕ್ಕು ಹಿಡಿದ ಸ್ಪ್ರಿಂಗುಗಳು ಮಾತ್ರ ಉಳಿದಿದ್ದವು. ಆದರೆ ಸೀಟಿನ ಮೂಲೆಯಲ್ಲಿ, ಮೊಳೆಯ ಕೆಳಗೆ, ಹಳೆಯ ತೊಗಲಿನ ಒಂದು ಚೂರು ಅಂಟಿಕೊಂಡಿತ್ತು. ಬೆಲ್ಲದ ಬಣ್ಣದ್ದು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಈ ಕಾರಿನ ಒಳಭಾಗವನ್ನು ಮೊದಲು ಹೇಗಿತ್ತೋ ಹಾಗೇ ಮಾಡುವುದು, ನನ್ನ ಮನೆಯಲ್ಲೇ ಮಾಡುವುದು ಎಂದು ಅಲ್ಲೇ ತೀರ್ಮಾನಿಸಿದೆ.

ಟ್ರ್ಯಾಕ್ಟರಿಗೆ ಕಟ್ಟಿ ತಂದು, ಮನೆಗೆ ಅಂಟಿಕೊಂಡಿದ್ದ ಶೇಂಗಾ ಗೋದಾಮಿನಲ್ಲಿ ನಿಲ್ಲಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಇದಕ್ಕೆ ತಲೇನೇ ಇಲ್ಲವಲ್ಲೋ."

"ತಲೆ ಆಮೇಲೆ ಬರ್ತೈತವ್ವ."

"ಯಾರಿಗೆ? ಕಾರಿಗೋ, ನಿನಗೋ?"

ಕೆಲಸಕ್ಕೆ ಜೊತೆಯಾದವನು ನನ್ನ ಹೈಸ್ಕೂಲಿನ ಗೆಳೆಯ. ಬಳ್ಳಾರಿ ರಸ್ತೆಯಲ್ಲಿ ಲಾರಿ, ಬಸ್ಸುಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಅವರ ಮನೆಯ ಮಾತು ಉರ್ದು, ನಮ್ಮ ಮನೆಗೆ ಬಂದರೆ ನನಗಿಂತ ಒಳ್ಳೆಯ ಕನ್ನಡ. ಅವ್ವನನ್ನು ಅವನೂ ಅವ್ವ ಎಂದೇ ಕರೆಯುತ್ತಿದ್ದ. ಅವನಿಗೆಂದೇ ಒಂದು ಸ್ಟೀಲ್ ತಟ್ಟೆ ಬೇರೆ ಇರುತ್ತಿತ್ತು, ಆ ಮಾತನ್ನು ಮುಚ್ಚಿಡುವುದಿಲ್ಲ. ಆದರೆ ಒಗ್ಗರಣೆ ಮಂಡಕ್ಕಿ ಮಾಡಿದ ದಿನ ಅವ್ವ ಮೊದಲು ತುಂಬಿಸುತ್ತಿದ್ದುದು ಆ ತಟ್ಟೆಯನ್ನೇ.

ಸ್ಪ್ರಿಂಗಿನ ಮೇಲೆ ಗೋಣಿತಾಟು ಬಿಗಿದೆವು. ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ಹತ್ತಿ. ಶೇಂಗಾ ಚೀಲ ಹೊಲಿದು ಪಳಗಿದ ಕೈ ನನ್ನದು. ಡಬ್ಬಣ ಹಿಡಿದು ಸರಸರ ಹೊಲಿದರೆ ಅವನು ಬಿಚ್ಚಿಸುತ್ತಿದ್ದ.

"ಲೇ ಸಾವ್ಕಾರ, ಇದ್ರಾಗೆ ಶೇಂಗಾ ಕೂರಲ್ಲ, ಮನುಷ್ಯರು ಕೂರ್ತಾರೆ. ಹೊಲಿಗೆ ಚುಚ್ಚಿದ್ರೆ ಬೈತಾರೆ."

ಮೇಲಿನ ಹೊದಿಕೆಯ ಮಾತು ಬಂದಾಗ ನಾನು ಜೇಬಿನ ತುಂಡನ್ನು ತೆಗೆದೆ. ಅವನು ಮೂಸಿ ನೋಡಿ ವಾಪಸ್ ಕೊಟ್ಟ.

"ಅಸಲಿ ತೊಗಲು. ಬ್ಯಾಡ ಲೇ. ಇದೇ ಬಣ್ಣದ ರೆಕ್ಸಿನ್ ತರ್ತೀನಿ. ಅವ್ವ ಇರೋ ಮನೆ ಇದು."

ನಮ್ಮ ಮನೆಯಲ್ಲಿ ಚಪ್ಪಲಿ ಕೂಡ ಗೇಟಿನ ಒಳಗೆ ಬರುವಂತಿರಲಿಲ್ಲ. ಅವ್ವ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವವರೆಗೆ ನೀರು ಸಹ ಕುಡಿಯುತ್ತಿರಲಿಲ್ಲ. ಅದೆಲ್ಲ ಗೊತ್ತಿದ್ದೂ ನಾನು ಹಟ ಹಿಡಿದೆ. ಮದ್ರಾಸಿನ ಕಡೆ ಹೋಗುವ ಲಾರಿಯವರಿಗೆ ಹೇಳಿ ತೊಗಲು ತರಿಸಿದೆ.

"ಅವ್ವಂಗೆ ನೀನೇ ಹೇಳ್ಬೇಕು. ಹೇಳ್ತೀನಿ ಅಂದ್ರೆ ಮಾತ್ರ ಕತ್ರಿ ಹಾಕ್ತೀನಿ," ಅಂದ ಗೆಳೆಯ.

"ಹೇಳ್ತೀನಿ, ನೀನು ಹಾಕು," ಅಂದೆ.

ಹೇಳಲಿಲ್ಲ. ಅವ್ವ ಇದೇನು ವಾಸನೆ ಎಂದಾಗ ಪಾಲಿಶ್ ಅಂದೆ. ಇದೇನು ಬಟ್ಟೆ ಎಂದಾಗ ರೆಕ್ಸಿನ್ ಅಂದೆ.

ಎಡಗಡೆ ಸೀಟು ಮೊದಲು ಮುಗಿಯಿತು. ಕಾರಿಗೆ ಕೂರಿಸುವ ಮುಂಚೆ ಬಿಗಿ ನೋಡಲೆಂದು ಅದನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಇಟ್ಟಿದ್ದೆವು. ಒಂದು ಬೆಳಗ್ಗೆ ಅವ್ವ ಅದರ ಮೇಲೆ ಕೂತು ನೋಡಿದಳು. ಮಂಡಿ ಮಡಚಿ ನೆಲದ ಮಣೆಯ ಮೇಲೆ ಕೂರುವುದು ಅವಳಿಗೆ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರೆ ಹೋಟೆಲಿನಾಗೆ ಕೂತಂಗೆ ಆಗ್ತೈತೆ ಎಂದು ಅತ್ತ ತಳ್ಳಿದ್ದಳು. ಈ ಸೀಟು ಬೆನ್ನಿಗೂ ಆಯಿತು, ಮಂಡಿಗೂ ಆಯಿತು.

"ಏನೋ ಇದು, ಎತ್ತಿ ಮಡಿಲಾಗೆ ಕೂರಿಸ್ಕೊಂಡಂಗೆ ಐತೆ," ಅಂದಳು.

ಮರುದಿನದಿಂದ ಅಲ್ಲೇ ಕೂತು ಲಿಂಗಪೂಜೆ ಮಾಡತೊಡಗಿದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಗೆಳೆಯ ಅದನ್ನು ನೋಡಿದ ದಿನ ನನ್ನನ್ನು ಹೊರಗೆ ಎಳೆದುಕೊಂಡು ಬಂದ.

"ಪೂಜೆ ಲೇ! ಪೂಜೆ ಮಾಡ್ತಾ ಇದಾರೆ ಅದರ ಮೇಲೆ! ಇವತ್ತೇ ಹೇಳು."

"ಇನ್ನೊಂದು ಸೀಟು ಮುಗೀಲಿ ತಡಿ. ಎರಡೂ ಒಟ್ಟಿಗೆ ಕಾರಿಗೆ ಹಾಕಿಬಿಟ್ರೆ ಆಯ್ತು. ಅವ್ವ ಆಮೇಲೆ ಕೇಳಲ್ಲ."

ಅವನು ತಲೆ ಚಚ್ಚಿಕೊಂಡು ಹೋದ.

ಇನ್ನೊಂದು ಸೀಟು ಮುಗಿಯುವ ಮೊದಲೇ ಬೀದಿನಾಯಿಯೊಂದು ಗೋದಾಮಿಗೆ ನುಗ್ಗಿತು. ಅವ್ವ ಹೂವು ಹಿಡಿದು ಒಳಗೆ ಬಂದಾಗ ಅದು ಸೀಟಿನ ಅಂಚನ್ನು ಕಚ್ಚಿ ಎಳೆಯುತ್ತಿತ್ತು. ಓಡಿಸಿದರೂ ತಿರುಗಿ ಬಂದು ನೆಕ್ಕಿತು. ಅವ್ವ ಬಗ್ಗಿ, ಕಚ್ಚಿದ ಅಂಚನ್ನು ನೋಡಿದಳು. ಆಮೇಲೆ ನನ್ನನ್ನು ಕರೆದಳು.

"ನಾಯಿ ರೆಕ್ಸಿನ್ ತಿಂತೈತೇನೋ?"

ಉತ್ತರ ಹೇಳಲು ನನಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟರಲ್ಲಿ ನಿಜವನ್ನೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ಅವನು ರೆಕ್ಸಿನ್ ಅಂತಾನೇ ಕೊಟ್ಟಿದ್ದವ್ವ. ನನಗೂ ಮೋಸ ಮಾಡ್ಯಾನೆ."

ಅವನ ಹೆಸರು ಹೇಳಿದರೆ ಅವ್ವ ಬೇಗ ನಂಬುತ್ತಾಳೆ, ಅವನ ಜಾತಿ ನನ್ನ ಸುಳ್ಳಿಗೆ ನೆರವಾಗುತ್ತದೆ ಎಂದು ಆ ಕ್ಷಣ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಮಧ್ಯಾಹ್ನ ಅವನು ಎಂದಿನಂತೆ ಬಂದ. ಅವ್ವ ಗೇಟಿನಲ್ಲೇ ತಡೆದಳು. ನಾನು ಕಾರಿನ ಬಾಗಿಲಿಗೆ ಒಳಹಲಗೆ ಕೂರಿಸುತ್ತಿದ್ದೆ. ಅವ್ವ ಕೂಗಾಡಲಿಲ್ಲ.

"ನನ್ ಕೈಯಾಗೆ ನಿನಗೆ ಏನು ಕಡಿಮೆ ಆಗಿತ್ತಪ್ಪ? ತೊಗಲಿನ ಮೇಲೆ ಕೂರಿಸಿ ಲಿಂಗಪೂಜೆ ಮಾಡಿಸ್ದೆಯಲ್ಲ."

ಅವನು ನನ್ನ ಕಡೆ ನೋಡಿದ. ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಅದು ಆಗಲೇ ಬಿಗಿಯಾಗಿತ್ತು, ಆದರೂ ತಿರುಗಿಸುತ್ತಿದ್ದೆ.

"ತಪ್ಪಾತವ್ವ," ಅಂದ ಅವನು. ತನ್ನ ಸೂಜಿಗಳ ಡಬ್ಬಿಯನ್ನೂ ಕೇಳದೆ ಹೊರಟುಹೋದ.

ಅವ್ವ ಮಠದ ಅಯ್ಯನವರನ್ನು ಕರೆಸಿ ಶುದ್ಧಿ ಮಾಡಿಸಿಕೊಂಡಳು. ಕೆಲವು ದಿನ ಒಪ್ಪತ್ತು ಊಟ ಮಾಡಿದಳು. ಮತ್ತೆ ನೆಲದ ಮಣೆಗೆ ಹೋದಳು. ಪೂಜೆ ಮುಗಿಸಿ ಏಳುವಾಗ ಅವಳು ನರಳುವುದು ಗೋದಾಮಿನವರೆಗೆ ಕೇಳಿಸುತ್ತಿತ್ತು. ಕಾರಿನ ಒಳಗೆ ಬಗ್ಗಿ ಕೆಲಸ ಮಾಡುತ್ತಿದ್ದರೂ ಕೇಳಿಸುತ್ತಿತ್ತು. ಆ ನರಳಿಕೆ ತಡೆಯಲಾರದೆ ಒಂದು ದಿನ ಬಸ್ಸು ಹತ್ತಿದೆ.

ಗೆಳೆಯ ಆ ವೇಳೆಗೆ ಅಂಗಡಿ ಎತ್ತಿ, ಹೆಂಡತಿಯ ಊರಾದ ಮೊಳಕಾಲ್ಮೂರಿಗೆ ಹೋಗಿದ್ದ. ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಹೊಲಿಯುತ್ತಿದ್ದವನು ನನ್ನನ್ನು ನೋಡಿ ಇಳಿಯಲಿಲ್ಲ. ಕೆಳಗೆ ನಿಂತೇ ಕ್ಷಮೆ ಕೇಳಿದೆ.

"ಆವತ್ತು ಆ ಸ್ಕ್ರೂಡ್ರೈವರ್ ಕಿತ್ಕೊಂಡು ನಿನ್ ಬುರುಡೆಗೆ ಹೊಡೀಬೇಕು ಅನ್ಸಿತ್ತು," ಅಂದ. ದಾರವನ್ನು ಹಲ್ಲಿನಿಂದ ಕತ್ತರಿಸಿದ. "ಮಗ ಸುಳ್ಳ ಅಂತ ಆ ಮುದುಕಿಗೆ ನನ್ ಬಾಯಿಂದ ಗೊತ್ತಾಗೋದು ಬ್ಯಾಡ ಅಂತ ಸುಮ್ನಾದೆ. ಹೋಗ್ಲಿ ಬಿಡು, ನಾನು ಮಾಫ್ ಮಾಡ್ದೆ. ಅವ್ವಂಗೆ ಹೇಳಿದ್ಯಾ?"

"ಇಲ್ಲ."

"ಹಂಗಾದ್ರೆ ಇಲ್ಲಿಗ್ಯಾಕೆ ಬಂದೆ? ಹೇಳಿದ ದಿನ ಒಂದು ಫೋನ್ ಮಾಡು, ಬರ್ತೀನಿ. ನನ್ನ ಮಂಡಕ್ಕಿ ಹಂಗೇ ಉಳಿದೈತೆ."

ವಾಪಸ್ ಬರುವ ಮೊದಲು ದೇವಸಮುದ್ರಕ್ಕೆ ಹೋಗಿ, ಕುರಿಯವರ ಮನೆಯಲ್ಲಿ ಕೈಮಗ್ಗದ ಕರಿ ಕಂಬಳಿ ತೆಗೆದುಕೊಂಡೆ. ಕಂಬಳಿ ಪೂಜೆಗೂ ಆಗುತ್ತದೆ, ಗದ್ದುಗೆಗೂ ಆಗುತ್ತದೆ. ಸೀಟನ್ನು ನಾನೊಬ್ಬನೇ ಮತ್ತೆ ಹೊದಿಸುವುದು, ಅವ್ವ ಅದರ ಮೇಲೆ ಕೂತ ಕೂಡಲೇ ನಿಜ ಹೇಳುವುದು ಎಂದು ಗಟ್ಟಿಮಾಡಿಕೊಂಡೆ.

ಎರಡೂ ಸೀಟಿನ ತೊಗಲು ಕಿತ್ತೆ. ನಾರು, ಹತ್ತಿ, ಗೋಣಿತಾಟು, ಒಂದನ್ನೂ ಉಳಿಸಲಿಲ್ಲ. ಸ್ಪ್ರಿಂಗುಗಳನ್ನು ತೊಳೆದು ಬಿಸಿಲಿಗೆ ಇಟ್ಟು ಮೊದಲಿನಿಂದ ಶುರುಮಾಡಿದೆ. ಅವನು ಬಿಟ್ಟುಹೋದ ಬಾಗಿದ ಸೂಜಿಗಳಿಂದಲೇ ಹೊಲಿದೆ. ದಪ್ಪ ಕಂಬಳಿ ಮೂಲೆಯಲ್ಲಿ ಮಡಚಲು ಒಪ್ಪುತ್ತಿರಲಿಲ್ಲ. ಹೊಲಿದದ್ದು ಡೊಂಕಾದರೆ, ಬೈಯಲು ಅವನು ಇಲ್ಲದಿದ್ದರೂ ಬಿಚ್ಚಿದೆ. ಬೆರಳು ಬಾತುಕೊಂಡರೂ ಬಿಡಲಿಲ್ಲ. ನಮ್ಮ ಶೇಂಗಾ ಅಂಗಡಿಯ ಕಡೆ ಹೋಗುವುದನ್ನೂ ಕಡಿಮೆ ಮಾಡಿದೆ.

ಮುಗಿದ ಬೆಳಗ್ಗೆ ಎಡಗಡೆ ಸೀಟನ್ನು ಅದೇ ಪೆಟ್ಟಿಗೆಯ ಮೇಲಿಟ್ಟು ಅವ್ವನನ್ನು ಕರೆದೆ. ಅವಳು ದೂರದಲ್ಲೇ ನಿಂತಳು.

"ಇದೇನು ಬಟ್ಟೆ?"

"ಕಂಬಳಿ ಅವ್ವ. ದೇವಸಮುದ್ರದ್ದು."

"ಹೊಲಿದೋರು ಯಾರು?"

"ನಾನೇ."

ಹತ್ತಿರ ಬಂದು ಅಂಗೈಯಿಂದ ಸವರಿದಳು. ಹಿಂದೆ ಮುಂದೆ ನೋಡಿ ಕೂತಳು. ಕಾಲು ಚಾಚಿದಳು. ಬಹಳ ದಿನದ ಮೇಲೆ ಅವಳ ಮುಖ ಸಡಿಲವಾದದ್ದನ್ನು ನೋಡಿದೆ. ನಾನು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ನೀನೇ ಮಾಡಿದ್ಯಲ್ಲ, ಇನ್ನು ನಂಗೆ ಅನುಮಾನ ಇಲ್ಲ ಬಿಡು. ನೀರು ತಗೊಂಬಾ, ಪೂಜೆಗೆ ಕೂರ್ತೀನಿ."

ನೀರು ತಂದುಕೊಟ್ಟೆ. ಅಷ್ಟೇ ಮಾಡಿದ್ದು.

ಬಲಗಡೆ ಸೀಟು, ಡ್ಯಾಶ್‌ಬೋರ್ಡು, ನೆಲಹಾಸು, ಕ್ಯಾನ್ವಾಸು, ಎಲ್ಲವನ್ನೂ ಹಟದಿಂದ ಮುಗಿಸಿದೆ. ಅವ್ವ ಇರುವವರೆಗೂ ಆ ಕಾರು ಒಂದೇ ಸೀಟಿನಲ್ಲಿ ಓಡಿತು. ದಿನಾ ಬೆಳಗ್ಗೆ ಅವಳು ಆ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದಳು, ನಾನು ಎದುರಿನಿಂದಲೇ ಹಾದುಹೋಗುತ್ತಿದ್ದೆ. ನಿಜ ಹೇಳಲಿಲ್ಲ, ಗೆಳೆಯನಿಗೆ ಫೋನೂ ಮಾಡಲಿಲ್ಲ.

ಅವ್ವ ತೀರಿಕೊಂಡ ದಿನ ಗೆಳೆಯ ಮೊಳಕಾಲ್ಮೂರಿನಿಂದ ಬಂದ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಒಳಗೆ ಬಾರೋ ಎಂದು ಕೈ ಹಿಡಿದೆ.

"ಅವ್ವ ಕರೀಲಿಲ್ಲವಲ್ಲ," ಅಂದ.

ಕಾರ್ಯವೆಲ್ಲ ಮುಗಿದ ಮೇಲೆ ಎಡಗಡೆ ಸೀಟನ್ನು ಕಾರಿಗೆ ಕೂರಿಸಿದೆ. ನೋಡಿದವರು ಕಂಬಳಿಯ ಹೊಲಿಗೆಯನ್ನು ಹೊಗಳುತ್ತಾರೆ. ಗೆಳೆಯನ ಹತ್ತಿರ ಕ್ಷಮೆ ಕೇಳಿದೆ, ಅವನು ಕೊಟ್ಟ. ಎದುರಿಗೇ ಕೂತಿದ್ದರೂ, ನೀರು ತಂದುಕೊಟ್ಟ ನನ್ನ ಕೈಯನ್ನು ನಂಬಿದ್ದರೂ ನಾನು ಕ್ಷಮೆ ಕೇಳದೆ ಹೋದದ್ದು ಒಬ್ಬಳನ್ನೇ. ನನ್ನ ಅವ್ವನನ್ನು.