ತಾಯಿ-ಮಗಳ ಸದ್ದಿಲ್ಲದ ಜಗಳ

ಎಂಟು ವರ್ಷದ ಹಿಂದಿನ ಮಾತು. ನನ್ನ ಮಗಳು ದೀಪಾಗೆ ಆಗ ಒಂದೂವರೆ ವರ್ಷ. ಕರೆದರೂ ತಿರುಗಿ ನೋಡುವುದಿಲ್ಲವೆಂದು ಹುಬ್ಬಳ್ಳಿಗೆ ತೋರಿಸಲು ಹೋಗಿದ್ದೆ. ಎರಡೂ ಕಿವಿ ಕೇಳುವುದಿಲ್ಲ ಎಂದರು ಡಾಕ್ಟರು. ಮುಂದೆ ಏನು ಮಾಡಬೇಕೆಂದೂ ತಿಳಿಸಿದರು. ನನ್ನ ತಲೆಗೆ ಒಂದೂ ಹೋಗಲಿಲ್ಲ.

ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆ. ಯಲವಿಗಿಯಲ್ಲಿ ಇಳಿದು ಸವಣೂರಿಗೆ ಹೋಗಬೇಕಿತ್ತು. ಇವಳ ಸಾಲೆ ಹೇಗೆ, ಮದುವೆ ಹೇಗೆ, ನಾನು ಸತ್ತ ಮೇಲೆ ಇವಳ ಗತಿಯೇನು ಎಂದುಕೊಳ್ಳುತ್ತ, ಕೂಸನ್ನು ಅವುಚಿಕೊಂಡು ಅಳುತ್ತಿದ್ದೆ.

ಎದುರಿಗೆ ಹಿರೇಕೆರೂರು ಕಡೆಯ ಒಬ್ಬ ಹೆಂಗಸು, ಪಕ್ಕದಲ್ಲಿ ವಯಸ್ಸಿಗೆ ಬಂದ ಮಗಳು. ಇಬ್ಬರೂ ಜಗಳವಾಡುತ್ತಿದ್ದರು, ಆದರೆ ಸದ್ದಿಲ್ಲ. ಬರೀ ಕೈ, ಕಣ್ಣು, ಹುಬ್ಬು. ಕೊನೆಗೆ ಮಗಳು ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಯಾಕವಾ ತಂಗಿ, ಕೂಸಿಗೆ ಆರಾಮಿಲ್ಲೇನು?" ಎಂದು ಆ ತಾಯಿ ಕೇಳಿದರು. ತಡೆಯಲಾಗದೆ ಎಲ್ಲ ಹೇಳಿದೆ.

ಅವರು ಕಿಟಕಿಯ ಕಡೆ ತಿರುಗಿದ್ದ ಹುಡುಗಿಯನ್ನು ತೋರಿಸಿದರು. "ನನ್ನ ಮಗಳಿಗೂ ಕೇಳಂಗಿಲ್ಲ. ಗೊತ್ತಾದ ದಿವ್ಸ ನಾನೂ ಹಿಂಗ ಅತ್ತೇನಿ. ಈಕಿ ಜನ್ಮನ ಮುಗದಹೋತು ಅನಿಸಿತ್ತು. ಈಗ ನೋಡು, ಈಕಿ ಮದುವಿ ಸೀರಿ ತಗೊಂಡು ಹೊಂಟೇವಿ. ನಾ ಹಸರ ಆರಿಸಿದೆ, ಅದಕ್ಕ ಸಿಟ್ಟು. ಮದುವಿಗೆ ಕರೀ ಸೀರಿ ಬೇಕಂತ!"

ಗಂಡು ಹಾನಗಲ್ಲಿನವನು. "ಅವಂಗೂ ಕೇಳಂಗಿಲ್ಲ. ಇಬ್ರೂ ವಿಡಿಯೋ ಕಾಲ್ ಹಚ್ಚಿ ಕೈ ಆಡಿಸ್ಕೊಂತ ಕುಂತ್ರಂದ್ರ, ಒಲಿ ಮ್ಯಾಲಿನ ಹಾಲು ಉಕ್ಕಿದ್ರೂ ಖಬರ್ ಇರಂಗಿಲ್ಲ."

ಅಳುವಿನ ನಡುವೆಯೇ ನನಗೆ ನಗು ಬಂತು. "ತ್ರಾಸ ಆಗ್ಲಿಲ್ಲೇನ್ರಿ?" ಎಂದೆ.

"ಸುಳ್ಳ್ಯಾಕ ಹೇಳ್ಲಿ, ಭಾಳ ಆತು. ಆದ್ರ ಒಂದೊಂದಾಗಿ ಬಂದುವು, ಒಂದೊಂದಾಗಿ ಹೋದುವು. ನೀ ಮುಂದಿಂದೆಲ್ಲಾ ಇವತ್ತ ಹೊರಾಕ ಹೊಂಟೀಯಲ್ಲ."

ಅವರು ಮಗಳಿಗೆ ಕೈಸನ್ನೆಯಲ್ಲಿ ವಿಷಯ ತಿಳಿಸಿದರು. ಆ ಹುಡುಗಿ ಸಿಟ್ಟು ಮರೆತು ದೀಪಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನನ್ನ ಕಡೆ ತೋರಿಸಿ, ತನ್ನ ಮೂಗಿನ ಪಕ್ಕ ಬೆರಳಿಟ್ಟಳು. ಮತ್ತೆ ಮತ್ತೆ ಹಾಗೇ ಮಾಡಿದಳು.

"ಅವ್ವ ಅಂತ ಹೇಳಿಕೊಡಾಕತ್ತಾಳ," ಎಂದರು ತಾಯಿ.

ಯಲವಿಗಿ ಬರುವಷ್ಟರಲ್ಲಿ ದೀಪಾ ನನ್ನನ್ನೇ ನೋಡುತ್ತ, ಪುಟ್ಟ ಬೆರಳನ್ನು ವಾರೆಯಾಗಿ ಮೂಗಿಗೆ ತಾಗಿಸಿಕೊಂಡಳು. ನನ್ನ ಮಗಳು ನನ್ನನ್ನು ಮೊದಲ ಸಲ ಕರೆದದ್ದು ಹಾಗೆ.

ಆಮೇಲೆ ಕಷ್ಟಗಳು ಬರಲಿಲ್ಲ ಅಂತಲ್ಲ. ಈಗಲೂ ಕೆಲವು ದಿನ ಎದೆ ಭಾರವಾಗುತ್ತದೆ. ಆದರೆ ಒಂದು ಕೆಟ್ಟ ದಿನ ನೋಡಿ ಅವಳ ಇಡೀ ಬದುಕು ಹೀಗೇ ಎಂದು ತೀರ್ಮಾನಿಸುವುದನ್ನು ಬಿಟ್ಟಿದ್ದೇನೆ. ದೀಪಾ ಈಗ ನಾಲ್ಕನೇ ತರಗತಿ. ಮೊನ್ನೆ ಬಂಕಾಪುರದ ನವಿಲುಧಾಮಕ್ಕೆ ನವಿಲು ನೋಡಲು ಹೋಗಿದ್ದೆವು. ದೊಡ್ಡವಳಾದ ಮೇಲೆ ಅಲ್ಲಿಯೇ ನವಿಲು ಕಾಯುವ ನೌಕರಿ ಮಾಡುತ್ತಾಳಂತೆ. ಹೂಂ ಅಂದಿದ್ದೇನೆ.